ಮೂವತ್ತು ಸೆಕೆಂಡು

ದಾವಣಗೆರೆ ಎಪಿಎಂಸಿ ಯಾರ್ಡಿನ ಹಿಂದುಗಡೆ
ತಕ್ಕಡಿ ರಿಪೇರಿಯ ರುದ್ರಾಚಾರಿ
ಹಳೇ ಕಾಟಾದ ಹೊಟ್ಟೆ ಬಿಚ್ಚಿ
ನಾಲ್ಕು ಸೆನ್ಸರು ತೆಗೆದು
ತೇಗದ ಹಲಗೆಯ ನಾಲ್ಕು ಮೂಲೆಗೆ ಕೂರಿಸಿಕೊಟ್ಟ.
ಅದೇ ನನ್ನ ಪ್ರಯೋಗಶಾಲೆ.
ಪರದೇಶದ ಹಲಗೆಗೆ ಹನ್ನೆರಡು ಲಕ್ಷವಂತೆ.
ಇದಕ್ಕೆ ಸಾವಿರದ ಎಂಟುನೂರು, ಮೇಲೊಂದು ಚಹಾ.

ಪ್ರಶ್ನೆ ಸಣ್ಣದು:
ಮನುಷ್ಯ ಸುಮ್ಮನೆ ನಿಂತಾಗ ಎಷ್ಟು ಅಲ್ಲಾಡುತ್ತಾನೆ?

ಅಲ್ಲಾಡುತ್ತಾನೆ. ಎಲ್ಲರೂ.
ಕಣಕಾಲಿನ ಮೇಲೆ ಮೈ ಮುಂದಕ್ಕೆ ವಾಲುತ್ತದೆ,
ಮೀನಖಂಡ ಜಗ್ಗಿ ಹಿಂದಕ್ಕೆ ತರುತ್ತದೆ,
ತಂದದ್ದು ತುಸು ಹೆಚ್ಚಾಯಿತೆಂದು ಮತ್ತೆ ಬಿಡುತ್ತದೆ.
ಬೀಳುವುದು, ಹಿಡಿಯುವುದು, ಬೀಳುವುದು,
ಇದಕ್ಕೇ ನಾವು ‘ನಿಂತಿದ್ದೇನೆ’ ಅನ್ನುತ್ತೇವೆ.

ಓದಿ ಗೊತ್ತಿದ್ದರೂ ಮೊದಲ ದಿನ ನಂಬಿಕೆ ಬರಲಿಲ್ಲ.
ತೆರೆಯ ಮೇಲಿನ ಚುಕ್ಕೆ ಇರುವೆಯ ಹಾಗೆ
ಹರಿದಾಡುವುದು ಕಂಡು ಫೋನು ಹಚ್ಚಿದೆ:
‘ಆಚಾರ್ರೇ, ನಿಮ್ಮ ಹಲಗೆ ಕೆಟ್ಟಿದೆ.’
ಆ ಕಡೆ ಅರ ಉಜ್ಜುವ ಸದ್ದು. ಆಮೇಲೆ:
‘ಅಲ್ಲಾಡ್ತೈತಲ್ಲ? ಹಂಗಾರೆ ಸರಿ ಐತಿ.
ಮುಳ್ಳು ಗಪ್ಪಂತ ನಿಂತಿದ್ರೆ ಹೇಳ್ರಿ, ಬರ್ತೀನಿ.’

ಹನ್ನೊಂದನೆಯವರು ಚಮನ್‌ಸಾಬ್.
ವಯಸ್ಸು ಅರವತ್ತೆರಡೋ ನಾಲ್ಕೋ.
ಮೂವತ್ತೆಂಟು ವರ್ಷ ಮೆಕ್ಕೆಜೋಳದ ಚೀಲ ಹೊತ್ತು
ಒಂದಡಿ ಅಗಲದ ಹಲಗೆಯ ಮೇಲೆ ಲಾರಿ ಹತ್ತಿದವರು.
ಒಮ್ಮೆಯೂ ಬಿದ್ದವರಲ್ಲ.
ಬಿದ್ದದ್ದು ಹೋದ ರಂಜಾನಿನಲ್ಲಿ, ಮನೆಯ ಬಚ್ಚಲಲ್ಲಿ,
ಕೈಯಲ್ಲಿ ಬರೀ ಚೊಂಬು ಇದ್ದಾಗ.

‘ಅಲ್ರೀ ಮೇಡಂ, ಬರೀ ನಿಂದ್ರದಾ?
ಇದುಕ್ಕೂ ಇನ್ನೂರು ರೂಪಾಯಿ ಕೊಡ್ತೀರಾ?’
ಚಪ್ಪಲಿ ಬಿಟ್ಟು, ಬಾಗಿ, ಹಲಗೆಯನ್ನು
ಗೆಣ್ಣಿನಿಂದ ಎರಡು ಸಲ ತಟ್ಟಿ ನೋಡಿ ಹತ್ತಿದರು.
‘ಚೀಲ ಎಷ್ಟ್ ತೂಗ್ಸೀನೋ ಲೆಕ್ಕಿಲ್ಲ.
ನನ್ನ ಯಾರೂ ತೂಗಿಲ್ಲ. ಎಷ್ಟಿದೀನಿ?’
ಐವತ್ತೊಂದು ಕಿಲೋ ಇನ್ನೂರು ಗ್ರಾಂ ಅಂದೆ.
‘ಅಂದ್ರೆ ಒಂದು ಚೀಲ, ಮ್ಯಾಲೊಂದು ಸೇರು.’

ಕಣ್ಣು ಬಿಟ್ಟು ಮೂವತ್ತು ಸೆಕೆಂಡು:
ಗೆರೆ ಒಂದು ನಾಣ್ಯದಷ್ಟು ಜಾಗದಲ್ಲಿ ಸುತ್ತಿಕೊಂಡಿತು.
ಕಣ್ಣು ಮುಚ್ಚಿ:
ನಾಣ್ಯ ಹರಡಿ ಅಂಗೈಯಾಯಿತು.
ಕಣ್ಣು ಮುಚ್ಚಿ, ಕಾಲಡಿಗೆ ದಪ್ಪ ಸ್ಪಂಜು ಕೊಟ್ಟು:
ನೆಲ ಸುಳ್ಳು ಹೇಳತೊಡಗಿತು, ಕತ್ತಲು ಬಾಯಿ ಬಿಡಲಿಲ್ಲ,
ಉಳಿದದ್ದು ಕಿವಿಯೊಳಗಿನ ಒಂದು ಹನಿ ನೀರಿನ ಸಾಕ್ಷಿ,
ಅದಕ್ಕೂ ವಯಸ್ಸಾಗಿದೆ.
ಗೆರೆ ಹತ್ತಿ ಮಿಲ್ಲಿನ ನೆಲದ ಮೇಲೆ
ಯಾರೋ ಒದ್ದ ನೂಲಿನುಂಡೆಯ ಹಾಗೆ ಬಿಚ್ಚಿಕೊಂಡು ಓಡಿತು.
ನಾನು ಬದಿಯಲ್ಲಿ ಕೈ ಚಾಚಿ ನಿಂತಿದ್ದೆ, ಮುಟ್ಟದೆ.
ಬೀಳುವ ತನಕ ಮುಟ್ಟಬಾರದು, ಅದು ನಿಯಮ.

ಹದಿನೇಳನೇ ಸೆಕೆಂಡಿಗೆ
ಅವರ ತೋರುಬೆರಳು ಗಾಳಿಯಲ್ಲಿ ತಡಕಾಡಿ
ನನ್ನ ಕೋಟಿನ ತೋಳಿಗೆ ತಾಗಿತು.
ಹಿಡಿಯಲಿಲ್ಲ. ಊರಲಿಲ್ಲ.
ಮಂಡಕ್ಕಿಯ ಕಾಳೊಂದನ್ನು ಒಡೆಯದ ಹಾಗೆ ಮುಟ್ಟುವಷ್ಟು.
ಅಷ್ಟಕ್ಕೆ ಓಡುತ್ತಿದ್ದ ಗೆರೆ ನಡುವಿಗೆ ಮರಳಿ
ಮತ್ತೆ ನಾಣ್ಯವಾಯಿತು.

ಹೊಸತೇನಲ್ಲ, ಪುಸ್ತಕದಲ್ಲಿದೆ.
ಬೆರಳ ತುದಿ ಭಾರ ಹೊರುವುದಿಲ್ಲ, ಸುದ್ದಿ ತರುತ್ತದೆ:
ನೀನು ಇಲ್ಲಿದ್ದೀ, ಇಷ್ಟು ವಾಲಿದ್ದೀ.
ಆದರೆ ಪುಸ್ತಕದವರು ಮುಟ್ಟಿಸಿದ್ದು ಕಬ್ಬಿಣದ ಕಂಬವನ್ನು.
ಈ ತೋಳಿನೊಳಗೆ ನಾನಿದ್ದೆ,
ನಾನೂ ಅಲ್ಲಾಡುತ್ತಿದ್ದೆ.

ಹಾಳೆಯಲ್ಲಿ ಬರೆದೆ: ಪ್ರಯತ್ನ ಮೂರು. ಸ್ಪರ್ಶ. ರದ್ದು.
ಸಂಜೆ ಗೈಡು ನೋಡಿ ಸಹಿ ಹಾಕಿದರು.

ಚಮನ್‌ಸಾಬ್ ನೋಟು ಎಣಿಸದೆ ಜೇಬಿಗಿಟ್ಟು
ನೋಡದೆಯೇ ಚಪ್ಪಲಿ ಮೆಟ್ಟಿ
ಮೆಟ್ಟಿಲ ತುದಿಯಲ್ಲಿ ಒಂದು ಗಳಿಗೆ ತಡೆದರು.
ಕಟಕಟೆ ಇರಲಿಲ್ಲ. ಕರೆಂಟೂ ಇರಲಿಲ್ಲ.
ಬಲಗೈ ತಾನಾಗಿ ಹೆಗಲ ಹಿಂದಕ್ಕೆ ಹೋಗಿ
ಇಲ್ಲದ ಚೀಲದ ಕಿವಿ ಹಿಡಿಯಿತು,
ಬೆನ್ನು ಅದಕ್ಕೆ ತಕ್ಕಷ್ಟು ಬಾಗಿತು,
ಹಾಗೆ ಒಂದೊಂದೇ ಇಳಿದು ಹೋದರು,
ನೆಟ್ಟಗೆ, ಬೀದಿಯವರೆಗೂ.